ಕಡಪ ಕಲ್ಲಿಗೆ ಹೆದರಿದ ರೋಬೋಟ್

ನಾನು ಮಾಡಿದ ರೋಬೋಟ್ ಮೊದಲ ದಿನ ಒಂದಿಂಚೂ ಕದಲಲಿಲ್ಲ. ಕೆಟ್ಟಿರಲಿಲ್ಲ, ಹೆದರಿತ್ತು.

ಬಳ್ಳಾರಿಯ ನಮ್ಮ ಮನೆಯ ಪಡಸಾಲೆಗೆ ಕರಿ ಕಡಪ ಕಲ್ಲು ಹಾಸಿದೆ. ರೋಬೋಟಿನ ಹೊಟ್ಟೆಯಡಿ ನೆಲ ನೋಡುವ ಒಂದು ಸೆನ್ಸರ್ ಕೂರಿಸಿದ್ದೆ. ಮೆಟ್ಟಿಲ ಅಂಚಿಗೆ ಹೋದಾಗ ಉರುಳಿ ಬೀಳಬಾರದಲ್ಲ, ಅದಕ್ಕೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕೆಳಗೆ ಬಿಡುತ್ತದೆ. ಬೆಳಕು ಬಡಿದು ವಾಪಸ್ ಬಂದರೆ ನೆಲ ಇದೆ ಎಂದು ಲೆಕ್ಕ. ಬರದಿದ್ದರೆ ಗುಂಡಿ. ಆದರೆ ಕರಿ ಕಲ್ಲು ಬಿದ್ದ ಬೆಳಕನ್ನೆಲ್ಲ ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಹಾಗಾಗಿ ಆ ಪುಟ್ಟ ಯಂತ್ರದ ಪಾಲಿಗೆ ಪಡಸಾಲೆ ಪೂರ್ತಿ ಪಾತಾಳ! "ಎಲ್ಲಿಟ್ರೂ ಅಲ್ಲೇ ಕುಂತೈತಲ್ಲಪ್ಪಾ, ಥೇಟ್ ನಿನ್ನಂಗೇ" ಎಂದರು ಚಿಕ್ಕಮ್ಮ. ಅದರಡಿ ಒಂದು ಬಿಳಿ ಹಾಳೆ ಹಾಸಿದೆ. ಜರ್ರನೆ ಹೊರಟಿತು. ಹಾಳೆ ಮುಗಿದ ಕಡೆ ಮತ್ತೆ ನಿಂತಿತು.

ಈ ಸೆನ್ಸರಿನ ಮೇಲೆ ಒಂದು ಚಿಕ್ಕ ತಿರುಪು ಇರುತ್ತದೆ. ಎಷ್ಟು ಬೆಳಕು ಬಂದರೆ ನೆಲ ಎಂದು ನಂಬಬೇಕು ಅನ್ನುವುದನ್ನು ಅಲ್ಲಿ ಹೊಂದಿಸಬಹುದು. ಅರ್ಧ ಸಂಜೆ ಅದನ್ನೇ ತಿರುಗಿಸಿದೆ. ಸೆನ್ಸರನ್ನೂ ನೆಲಕ್ಕೆ ಇನ್ನಷ್ಟು ಹತ್ತಿರ ಇಳಿಸಿದೆ. ಆಮೇಲೆ ಅದಕ್ಕೆ ಧೈರ್ಯ ಬಂತು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಸಿಗುವಂಥದ್ದೇ. ಬ್ಯಾಟರಿಯಿಂದ ಓಡುವ ಹಳದಿ ಡಬ್ಬಿಯ ಎರಡು ಬಿಒ ಮೋಟಾರ್, 65 ಮಿಲಿಮೀಟರ್ ಅಡ್ಡಗಲದ ಎರಡು ಚಕ್ರ, ಹಿಂದೆ ಸುಮ್ನೆ ಉರುಳುವ ಒಂದು ಪುಟಾಣಿ ಚಕ್ರ, ಮೋಟಾರುಗಳಿಗೆ ಕರೆಂಟ್ ಹಾಯಿಸುವ ಮೋಟಾರ್ ಡ್ರೈವರ್ ಎಂಬ ಬೋರ್ಡ್, ಸೆಲ್ಲುಗಳು. ಮಿದುಳಿನ ಜಾಗದಲ್ಲಿ ಆರ್ಡುಯಿನೋ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಊರಿನಲ್ಲಿ, ವಿನ್ಯಾಸ ಕಲಿಯುವ ಹುಡುಗರಿಗಾಗಿ. ನನ್ನ ಉನೊದಲ್ಲಿ ಕೋಡ್ ಇಡಲು ಇರುವ ಜಾಗ 32 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದರಲ್ಲಿ ಹಿಡಿಸುವುದಿಲ್ಲ. ಮನೆಯಲ್ಲಿ ಓಡಾಡುವುದಕ್ಕೆ ಅಷ್ಟು ಬುದ್ಧಿ ಧಾರಾಳವಾಗಿ ಸಾಕು.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವ ಎಲ್298ಎನ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿಂದುಹಾಕುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿ 6 ವೋಲ್ಟ್ ಕೊಟ್ಟರೆ ಮೋಟಾರಿಗೆ ಸಿಗುವುದು ನಾಲ್ಕೇ. ನನ್ನದು ನರಳುತ್ತಾ ನಡೆಯುತ್ತಿದ್ದದ್ದು ಇದಕ್ಕೇ. ಚಾರ್ಜ್ ಮಾಡುವ ಎರಡು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿ 7.4 ವೋಲ್ಟ್ ಕೊಟ್ಟೆ, ನರಳಾಟ ನಿಂತಿತು.

ನಡೆಯಿತು ಸರಿ, ನೇರವಾಗಿ ನಡೆಯಲಿಲ್ಲ. ಎಡಕ್ಕೆ ಎಳೆಯುತ್ತಿತ್ತು. ಒಂದೇ ಡಬ್ಬದಿಂದ ತೆಗೆದ ಎರಡು ಮೋಟಾರ್ ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಗಡೆ ಎತ್ತು ಚುರುಕು, ಎಡಗಡೆಯದು ಸೋಮಾರಿ ಎಂದರೆ ಗಾಡಿ ಎಡಕ್ಕೇ ವಾಲುತ್ತದೆ. ಗಾಡಿ ಹೊಡೆಯುವವನು ಚುರುಕಾದ ಎತ್ತಿನ ಹಗ್ಗ ಹಿಡಿದು ಜಗ್ಗುತ್ತಾನೆ. ರೋಬೋಟಿನಲ್ಲೂ ಒಬ್ಬ ಗಾಡಿಯವನು ಬೇಕು.

ಅದಕ್ಕೆ ಎರಡೂ ಚಕ್ರಗಳ ಜೊತೆ 20 ಕಿಂಡಿಗಳ ಒಂದೊಂದು ತಟ್ಟೆ ತಿರುಗುತ್ತದೆ. ಕಿಂಡಿ ಹಾದುಹೋದಾಗಲೆಲ್ಲ ಒಂದು ಸೆನ್ಸರ್ ಎಣಿಸಿಕೊಳ್ಳುತ್ತದೆ. ಚಕ್ರದ ಒಂದು ಸುತ್ತು ಸುಮಾರು 204 ಮಿಲಿಮೀಟರ್. ಅಂದರೆ ಒಂದು ಕಿಂಡಿಗೆ ಒಂದು ಸೆಂಟಿಮೀಟರಿನಷ್ಟು ದಾರಿ. ಬಲಗಡೆಯ ಎಣಿಕೆ ಎಷ್ಟು ಮುಂದಿದೆಯೋ ಅದಕ್ಕೆ ತಕ್ಕಷ್ಟು ಬಲಗಡೆ ಮೋಟಾರನ್ನು ತಡೆಯಬೇಕು. ಒಂದು ಸೆಕೆಂಡಿಗೆ ಹತ್ತಾರು ಸಲ ಹೀಗೆ ಜಗ್ಗಬೇಕು. ಜಾಸ್ತಿ ಜಗ್ಗಿದರೆ ಕುಡಿದವನ ಹಾಗೆ ಓಲಾಡುತ್ತದೆ. ಕಡಿಮೆ ಜಗ್ಗಿದರೆ ಗೋಡೆಗೆ ಹೋಗಿ ಗುದ್ದುತ್ತದೆ. ಎಷ್ಟು ಜಗ್ಗಬೇಕೆಂಬ ಆ ಒಂದು ಅಂಕಿ ಯಾವ ಪುಸ್ತಕದಲ್ಲೂ ಸಿಗಲ್ಲ. ನಿಮ್ಮ ಚಕ್ರ, ನಿಮ್ಮ ನೆಲ, ನಿಮ್ಮ ತಾಳ್ಮೆ.

ಇನ್ನು ಮುಂದಿನ ಕಣ್ಣು. ಅದು ಕಣ್ಣಿಗಿಂತ ಜಾಸ್ತಿ ಬಾವಲಿಯ ಕಿವಿ. ಎಚ್‌ಸಿ-ಎಸ್ಆರ್04 ಎಂಬ ಸೆನ್ಸರ್ ನಮಗೆ ಕೇಳಿಸದ 40 ಕಿಲೋಹರ್ಟ್ಸ್ ಸದ್ದು ಮಾಡಿ, ಪ್ರತಿಧ್ವನಿ ಬರುವ ತನಕ ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಆ ಹೊತ್ತನ್ನು ಮೈಕ್ರೋಸೆಕೆಂಡಿನಲ್ಲಿ (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು) ತಗೊಂಡು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಎಲ್ಲರೂ ಬಳಸುವ ಸೂತ್ರ ಇದೇ. ನಾನೂ ಹಾಗೇ ಬರೆದುಕೊಂಡೆ. ಏಪ್ರಿಲ್ ಮಧ್ಯಾಹ್ನ ನೋಡಿದರೆ 3 ಮೀಟರ್ ದೂರದ ಗೋಡೆಯನ್ನು 2.91 ಮೀಟರ್ ಎನ್ನುತ್ತಿದೆ. ಟೇಪು ಹಿಡಿದು ಎರಡು ಸಲ ಅಳೆದೆ. ಗೋಡೆ ಇದ್ದಲ್ಲೇ ಇತ್ತು.

ತಪ್ಪು ಸೆನ್ಸರಿನದಲ್ಲ, ನಮ್ಮೂರ ಬಿಸಿಲಿನದು. ಗಾಳಿಯಲ್ಲಿ ಸದ್ದಿನ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಆ 58 ಎಂಬ ಅಂಕಿ ಸುಮಾರು 22 ಡಿಗ್ರಿಯ ತಂಪು ಗಾಳಿಗೆ ಸರಿ. ಬಳ್ಳಾರಿಯಲ್ಲಿ ಅಂಥ ಮಧ್ಯಾಹ್ನ ಬೇಸಿಗೆಯಲ್ಲಿ ಎಲ್ಲಿಂದ ತರೋಣ? 40 ಡಿಗ್ರಿಯಲ್ಲಿ ಸದ್ದು ಸೆಕೆಂಡಿಗೆ 355 ಮೀಟರ್ ಓಡುತ್ತದೆ, ಬೇಗ ವಾಪಸ್ ಬರುತ್ತದೆ, ಗೋಡೆ ಹತ್ತಿರ ಇದ್ದಂತೆ ಕಾಣುತ್ತದೆ. 58 ಅಳಿಸಿ 56 ಎಂದು ಬರೆದೆ, ಸರಿಹೋಯಿತು. ಬರೀ ಡಿಕ್ಕಿ ತಪ್ಪಿಸುವುದಕ್ಕಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 20 ಸೆಂಟಿಮೀಟರಿಗೆ ಒಂದು ಸೆಂಟಿಮೀಟರೂ ತಪ್ಪುವುದಿಲ್ಲ. ಕೋಣೆಯ ನಕ್ಷೆ ಬರೆಸಬೇಕೆಂದರೆ ಮಾತ್ರ ಬೇಕು.

ಬಿಸಿಲಿಗೆ ಹೀಗೆ ಮದ್ದು ಸಿಕ್ಕಿತು. ಬಟ್ಟೆಗೆ ಸಿಗಲಿಲ್ಲ. ನಮ್ಮೂರು ಜೀನ್ಸ್‌ಗೆ ಹೆಸರಾದ ಊರು. ಚಿಕ್ಕಮ್ಮ ಮನೆಯಲ್ಲೇ ಪ್ಯಾಂಟ್ ಹೊಲಿಯುತ್ತಾರೆ, ಕತ್ತರಿಸಿದ ಬಟ್ಟೆ ಪಡಸಾಲೆಯಲ್ಲಿ ರಾಶಿ ಬಿದ್ದಿರುತ್ತದೆ. ಗೋಡೆ ಕಂಡರೆ ತಿರುಗುವ ರೋಬೋಟ್ ಆ ರಾಶಿಗೆ ಮಾತ್ರ ನೇರ ನುಗ್ಗುತ್ತಿತ್ತು. ಬಟ್ಟೆ ಸದ್ದನ್ನು ಹೀರುತ್ತದೆ. ಹೀರದೆ ಉಳಿದದ್ದು ರಾಶಿಯ ಓರೆಕೋರೆಗೆ ಬಡಿದು ಎತ್ತೆತ್ತಲೋ ಹೋಗುತ್ತದೆ. ಪ್ರತಿಧ್ವನಿ ಬರಲಿಲ್ಲ ಎಂದರೆ ಎದುರಿಗೆ ಏನೂ ಇಲ್ಲ ಎಂದುಕೊಳ್ಳುವಂತೆ ಕೋಡ್ ಬರೆದವನು ನಾನೇ.

ಇದಕ್ಕೆ ಪರಿಹಾರ ಸಿಕ್ಕಿದ್ದು ಎಪ್ಪತ್ತು ವರ್ಷಕ್ಕೂ ಹಿಂದಿನ ಎರಡು ಆಮೆಗಳಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಗ್ರೇ ವಾಲ್ಟರ್, 1948-49ರಲ್ಲಿ ಎಲ್ಮರ್, ಎಲ್ಸಿ ಎಂಬ ಮೂರು ಚಕ್ರದ ಯಂತ್ರಗಳನ್ನು ಮಾಡಿದರು. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ. ಹಳೇ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಎರಡೇ, ಅಂದರೆ ಎರಡೇ ನರಕೋಶದಷ್ಟು ಮಿದುಳು. ಆದರೂ ಅವು ಬೆಳಕು ಹುಡುಕಿ ಹೋಗುತ್ತಿದ್ದವು, ಚಾರ್ಜ್ ಕಡಿಮೆಯಾದರೆ ತಮ್ಮ ಗೂಡಿಗೆ ಮರಳುತ್ತಿದ್ದವು. ಅಡ್ಡ ಬಂದದ್ದನ್ನು ಅವು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದವು. ಮೇಲಿನ ಚಿಪ್ಪು ಏನಕ್ಕಾದರೂ ತಾಗಿದರೆ ಒಳಗೆ ಸ್ವಿಚ್ ಒತ್ತಿಕೊಂಡಂತಾಗಿ ದಿಕ್ಕು ಬದಲಾಗುತ್ತಿತ್ತು.

ನಾನೂ ಮುಂದೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಹಿಂದೆ ಎರಡು ಚಿಕ್ಕ ಸ್ವಿಚ್ ಇಟ್ಟೆ. ಈಗ ಬಟ್ಟೆಗೆ ಮೂತಿ ತಾಗಿಸಿ, ಹಿಂದೆ ಸರಿದು, ಬೇರೆ ದಾರಿ ಹಿಡಿಯುತ್ತದೆ.

ಉಳಿದದ್ದು ದಾರದ ಕಾಟ. ನೆಲದ ಮೇಲೆ ಬಿದ್ದ ಕಿತ್ತಳೆ ಬಣ್ಣದ ದಾರ ಚಕ್ರದ ಅಚ್ಚಿಗೆ ಸುತ್ತಿಕೊಂಡು ಮೋಟಾರ್ ಹಿಡಿದುಬಿಡುತ್ತದೆ. ಹಿಡಿದುಕೊಂಡ ಮೋಟಾರಿಗೆ ಕರೆಂಟ್ ಹರಿಯುತ್ತಲೇ ಇದ್ದರೆ ಬಿಸಿಯಾಗಿ ಸುಟ್ಟೇ ಹೋಗಬಹುದು. ಇದಕ್ಕೆ ಹೊಸ ಸೆನ್ಸರ್ ಬೇಕಾಗಲಿಲ್ಲ. ಮೋಟಾರಿಗೆ ಓಡು ಎಂದು ಹೇಳಿದ ಮೇಲೂ ಅರ್ಧ ಸೆಕೆಂಡ್ ಒಂದು ಕಿಂಡಿಯೂ ಎಣಿಕೆಗೆ ಬರದಿದ್ದರೆ ಚಕ್ರ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆಗ ಕರೆಂಟ್ ಕಡಿದು ಬಝರ್ ಕೂಗುತ್ತದೆ.

ಹೊಲಿಗೆ ಮಷಿನ್ ನಿಲ್ಲಿಸಿ, ದಾರ ಕತ್ತರಿಸುವ ಚಿಕ್ಕ ಕತ್ತರಿ ತಗೊಂಡು ಚಿಕ್ಕಮ್ಮ ಏಳುತ್ತಾರೆ. "ಬಂದೆ ತಡಿಯಪ್ಪಾ, ಯಾಕಂಗ ಒದರ್ತಿ?"