‘ಯಾಕ ಬ್ಯಾಡ, ಅದನ್ನರ ಹೇಳ್ರಿ’: ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ವೈದ್ಯರು ಒಪ್ಪದಿದ್ದಾಗ

2023ರ ಬೇಸಿಗೆಯಲ್ಲಿ ಇಂಡಿ ಕಡೆಯ ಒಬ್ಬ ಮಹಿಳೆ ವಿಜಯಪುರದ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ನಲವತ್ತು ದಾಟಿತ್ತು, ಎತ್ತರ 152 ಸೆಂ.ಮೀ., ತೂಕ 79 ಕಿಲೊ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಇನ್ಸುಲಿನ್ ಹೆಚ್ಚಿಸಿದಂತೆಲ್ಲ ತೂಕ ಏರುತ್ತಿತ್ತು, ತೂಕ ಏರಿದಂತೆ ಇನ್ಸುಲಿನ್ ಸಾಲದಾಗುತ್ತಿತ್ತು. ಸೊಲ್ಲಾಪುರದಲ್ಲಿದ್ದ ಅವರ ಸಂಬಂಧಿಯೊಬ್ಬರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದರಂತೆ. ತಾವೂ ಮಾಡಿಸಿಕೊಳ್ಳಬಹುದೇ ಎಂದು ಕೇಳಿದರು. ‘ಬ್ಯಾಡ್ರಿ ಅಕ್ಕಾರ, ನಿಮಗ ಅದು ಬೇಕಾಗಿಲ್ಲ’ ಎಂದು ಹೇಳಿ ನಾನು ಗುಳಿಗೆಯ ಚೀಟಿ ಬರೆಯತೊಡಗಿದೆ. ಅವರು ಎದ್ದು ಹೋಗಲಿಲ್ಲ. ‘ಯಾಕ ಬ್ಯಾಡ, ಅದನ್ನರ ಹೇಳ್ರಿ ಸಾಹೇಬ್ರ’ ಎಂದು ಕುಳಿತೇ ಇದ್ದರು.

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಬಿಎಂಐ ಎನ್ನುತ್ತಾರೆ. ಅವರ ಬಿಎಂಐ 34 ಇತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಕರೆದಿದ್ದ ತಜ್ಞರ ಸಭೆಯು, ಬಿಎಂಐ 40 ಇದ್ದವರಿಗೆ, ಅಥವಾ 35 ಇದ್ದು ಜೊತೆಗೆ ಗಂಭೀರ ಕಾಯಿಲೆ ಇದ್ದವರಿಗೆ ಮಾತ್ರ ಈ ಶಸ್ತ್ರಚಿಕಿತ್ಸೆ ಎಂದು ಹೇಳಿತ್ತು. ಓದಿದ ಕಾಲದಲ್ಲಿ ತಲೆಯಲ್ಲಿ ಕುಳಿತ ಆ ಅಳತೆಯನ್ನೇ ನಾನು ಅವರ ಮುಂದಿಟ್ಟೆ. ಆದರೆ 2022ರಲ್ಲಿ ಈ ಕ್ಷೇತ್ರದ ಎರಡು ಪ್ರಮುಖ ಶಸ್ತ್ರಚಿಕಿತ್ಸಕರ ಸಂಘಗಳು ಸೇರಿ ಆ ಅಳತೆಯನ್ನು ಬದಲಿಸಿದ್ದವು. ಬಿಎಂಐ 35 ಇದ್ದರೆ ಬೇರೆ ಕಾಯಿಲೆ ಇರಲಿ ಬಿಡಲಿ ಸಲಹೆ ಕೊಡಬಹುದು, 30ರ ಮೇಲಿದ್ದು ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಪರಿಗಣಿಸಬೇಕು, ಏಷ್ಯಾದ ಜನರ ವಿಷಯದಲ್ಲಿ 27.5ರಿಂದಲೇ ಯೋಚಿಸಬಹುದು ಎಂಬುದು ಹೊಸ ಮಾತು. ನಮ್ಮ ಜನರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಎಂಬುದು ಅದರ ಹಿಂದಿನ ಕಾರಣ. ಅದು ನನಗೆ ದಿನನಿತ್ಯ ಕಣ್ಣಿಗೆ ಬೀಳುವ ಸಂಗತಿಯೇ ಆಗಿತ್ತು. ಅವರು ಹೋದ ಮೇಲೆ ಆ ರಾತ್ರಿ ಓದಿ ನೋಡಿದೆ, ಮರುವಾರ ಅವರನ್ನು ಕರೆಸಿ, ನಾನು ಹೇಳಿದ್ದು ಹಳೆಯ ಲೆಕ್ಕ ಎಂದು ತಿಳಿಸಿದೆ.

ಅಂದಿನಿಂದ ಈ ವಿಷಯದಲ್ಲಿ ಯಾರೇ ಸಲಹೆ ಕೇಳಿ ಬಂದರೂ, ‘ನಮ್ಮ ಡಾಕ್ಟರ್ ಬ್ಯಾಡ ಅಂದಾರ್ರೀ’ ಎಂದರೆ, ಯಾಕೆ ಬೇಡ ಎಂದರು ಎಂದು ಮೊದಲು ಕೇಳುತ್ತೇನೆ. ಹತ್ತರಲ್ಲಿ ಎಂಟು ಜನ ಅದನ್ನು ಕೇಳಿಕೊಂಡೇ ಬಂದಿರುವುದಿಲ್ಲ. ಹಿರಿಯ ವೈದ್ಯರಿಗೆ ಎದುರು ಪ್ರಶ್ನೆ ಹಾಕುವುದು ಅಗೌರವ ಎಂಬ ಭಾವನೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಆದರೆ ವೈದ್ಯರ ‘ಬೇಡ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು. ಆ ಕಾರಣ ನಿಮ್ಮ ದೇಹದ ಸ್ಥಿತಿಗೆ ಸಂಬಂಧಿಸಿದ್ದೋ, ಅಥವಾ ಬೊಜ್ಜಿನ ಬಗ್ಗೆ ಆ ವೈದ್ಯರಿಗಿರುವ ಅಭಿಪ್ರಾಯಕ್ಕೆ ಸಂಬಂಧಿಸಿದ್ದೋ ಎಂಬುದನ್ನು ತಿಳಿಯದೆ ಅದನ್ನು ಪಾಲಿಸುವುದೂ ಸರಿಯಲ್ಲ, ಮೀರುವುದೂ ಸರಿಯಲ್ಲ.

ಹೆಚ್ಚು ಕೇಳಿಬರುವ ಕಾರಣ, ‘ಬಾಯಿ ಕಟ್ಟಿದರೆ ಸಾಕು, ಇಷ್ಟಕ್ಕೆ ಹೊಟ್ಟೆ ಯಾಕೆ ಕೊಯ್ಸಿಕೊಳ್ಳಬೇಕು’ ಎಂಬುದು. ಇದನ್ನು ಹೇಳುವ ವೈದ್ಯರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಊಟ ಮತ್ತು ನಡಿಗೆಯಿಂದ ಐದಾರು ಕಿಲೊ ಇಳಿದರೂ ಬಿಪಿ, ಸಕ್ಕರೆ ಎರಡೂ ಸುಧಾರಿಸುತ್ತವೆ, ಮತ್ತು ಪ್ರತಿಯೊಬ್ಬರಿಗೂ ಮೊದಲು ಹೇಳಬೇಕಾದದ್ದು ಅದೇ. ಆದರೆ ಬಿಎಂಐ 38, 42 ಇರುವವರು ಹತ್ತು ವರ್ಷಗಳಲ್ಲಿ ನಾಲ್ಕು ಸಲ ಹದಿನೈದು ಕಿಲೊ ಇಳಿಸಿ ನಾಲ್ಕು ಸಲವೂ ಹದಿನೆಂಟು ಕಿಲೊ ಏರಿಸಿಕೊಂಡಿದ್ದರೆ, ಅದನ್ನು ಮನಸ್ಸಿನ ದೌರ್ಬಲ್ಯ ಎಂದು ಕರೆಯುವುದು ದೇಹವನ್ನು ಅರ್ಥ ಮಾಡಿಕೊಳ್ಳದ ಮಾತಾಗುತ್ತದೆ. ತೂಕ ಇಳಿದೊಡನೆ ದೇಹವು ಅದನ್ನು ಬರಗಾಲವೆಂದು ತಿಳಿಯುತ್ತದೆ. ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚುತ್ತದೆ, ಹೊಟ್ಟೆ ತುಂಬಿತೆಂದು ತಿಳಿಸುವ ಹಾರ್ಮೋನುಗಳು ಕುಗ್ಗುತ್ತವೆ, ಕುಳಿತಲ್ಲಿ ಖರ್ಚಾಗುವ ಶಕ್ತಿಯೂ ಇಳಿಯುತ್ತದೆ. ಶಸ್ತ್ರಚಿಕಿತ್ಸೆ ಕೆಲಸ ಮಾಡುವುದು ಇಲ್ಲಿಯೇ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುತ್ತಾರೆ. ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ತೆಗೆದುಹಾಕಿದ ಆ ಭಾಗದಲ್ಲಿಯೇ. ಬೈಪಾಸ್ (ಹೃದಯದ್ದಲ್ಲ, ಜಠರದ್ದು) ಎಂಬ ಇನ್ನೊಂದು ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಆಗ ಆಹಾರ ಬೇಗ ಕರುಳಿಗಿಳಿದು, ಇನ್ಸುಲಿನ್ ಸ್ರವಿಸಲು ನೆರವಾಗುವ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚುತ್ತದೆ, ತೂಕ ಇಳಿಯುವುದಕ್ಕೂ ಮೊದಲೇ ಸಕ್ಕರೆ ಇಳಿಯತೊಡಗುತ್ತದೆ. ಅಂದರೆ ಬಾಯಿ ಕಟ್ಟುವುದಕ್ಕೆ ಬದಲಾಗಿ ಇದನ್ನು ಮಾಡುವುದಿಲ್ಲ, ಕಟ್ಟಿದ ಬಾಯಿ ಉಳಿಯುವಂತೆ ಮಾಡುತ್ತಾರೆ.

ಎರಡನೆಯದು ಭಯ. ಹೊಟ್ಟೆಯನ್ನು ಉದ್ದಕ್ಕೆ ತೆರೆದು ಆಪರೇಷನ್ ಮಾಡುತ್ತಿದ್ದ ಕಾಲದ ನೆನಪು ಹಿರಿಯ ವೈದ್ಯರಲ್ಲಿ ಇನ್ನೂ ಇದೆ. ಇಂದು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಿಂದ, ಅನುಭವಿ ತಂಡದ ಕೈಯಲ್ಲಿ, ಮೊದಲ ತಿಂಗಳಲ್ಲಿ ಸಾವಿನ ಸಂಭವ ಸಾವಿರಕ್ಕೆ ಒಂದರಿಂದ ಮೂರು. ಪಿತ್ತಕೋಶದ ಆಪರೇಷನ್‌ಗೆ ಹತ್ತಿರದ ಲೆಕ್ಕ. ಅದು ಸೊನ್ನೆಯಲ್ಲ. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಇವು ನಿಜವಾದ ಅಪಾಯಗಳು. ಆದರೆ ಬೊಜ್ಜನ್ನು ಹಾಗೆಯೇ ಬಿಡುವುದಕ್ಕೂ ಅಪಾಯದ ಲೆಕ್ಕವಿದೆ. ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ವರದಿ ಮಾಡಿತು. ನಿಮ್ಮ ವೈದ್ಯರು ಅಪಾಯವನ್ನು ತಿಳಿಸಿದಾಗ, ಮಾಡಿಸಿಕೊಳ್ಳದಿದ್ದರೆ ಮುಂದಿನ ಹತ್ತು ವರ್ಷ ಹೇಗಿದ್ದಾವು ಎಂದು ಅವರನ್ನೇ ಕೇಳಬೇಕು.

2025ರಿಂದ ಮತ್ತೊಂದು ಕಾರಣ ಸೇರಿಕೊಂಡಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್‌ಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ, ಆದ್ದರಿಂದ ಆಪರೇಷನ್ ಬೇಡ ಎನ್ನುವವರಿದ್ದಾರೆ. ಇವುಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸರಾಸರಿ ಶೇ 15ರಷ್ಟು, ಟಿರ್ಜೆಪಟೈಡ್‌ನಿಂದ ಶೇ 20ರಷ್ಟು ತೂಕ ಇಳಿಯುತ್ತದೆ. ಸ್ಲೀವ್‌ನಿಂದ ಸುಮಾರು ಶೇ 25, ಬೈಪಾಸ್‌ನಿಂದ ಶೇ 30ರಷ್ಟು. ಇಂಜೆಕ್ಷನ್ ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳುತ್ತದೆ. ಬಿಎಂಐ 31 ಇರುವವರಿಗೆ ನಾನೂ ಮೊದಲು ಇದನ್ನೇ ಹೇಳುತ್ತೇನೆ. 45 ಇರುವವರಿಗೆ ಇದೊಂದೇ ಸಾಕಾಗುವುದು ಕಷ್ಟ.

ಇನ್ನು ‘ಈಗ ಬೇಡ’ ಎನ್ನುವ ವೈದ್ಯರ ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಪ್ಪತ್ತಾರರ ಒಬ್ಬ ಯುವಕ, ಬಿಎಂಐ 44, ಮದುವೆ ನಿಶ್ಚಯವಾಗಿದೆ, ತಿಂಗಳೊಳಗೆ ಆಪರೇಷನ್ ಆಗಬೇಕು ಎಂದು ತಂದೆಯೊಂದಿಗೆ ಬಂದಿದ್ದ. ಆತನಿಗೆ ಶಸ್ತ್ರಚಿಕಿತ್ಸೆ ಸೂಕ್ತವೇ ಆಗಿತ್ತು. ಆದರೆ ದಿನಾ ಸಂಜೆ ಕುಡಿಯುತ್ತಿದ್ದ, ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾಗೆ ಚಿಕಿತ್ಸೆ ಆಗಿರಲಿಲ್ಲ, ಮುಂದೆ ಜೀವನವಿಡೀ ವಿಟಮಿನ್ ಗುಳಿಗೆ ಬೇಕೆಂಬುದು ಗೊತ್ತೇ ಇರಲಿಲ್ಲ. ಆರು ತಿಂಗಳು ಕೊಡಿ, ಇವನ್ನೆಲ್ಲ ಸರಿ ಮಾಡಿ ನಾನೇ ಕಳಿಸುತ್ತೇನೆ ಎಂದೆ. ಅವರು ದೊಡ್ಡ ಊರೊಂದಕ್ಕೆ ಹೋಗಿ ಎರಡೇ ವಾರದಲ್ಲಿ ಮಾಡಿಸಿಕೊಂಡು ಬಂದರು. ನಂತರ ಮೂರು ವಾರ ಎಡೆಬಿಡದೆ ವಾಂತಿಯಾಗಿದೆ, ‘ಆಪರೇಷನ್ ಆದ ಮ್ಯಾಲೆ ವಾಂತಿ ಆಗೂದ’ ಎಂದುಕೊಂಡು ಮನೆಯಲ್ಲೇ ಇದ್ದಾರೆ. ನನ್ನ ಬಳಿ ತಂದಾಗ ಆತನಿಗೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ನಡೆದರೆ ತೂರಾಡುತ್ತಿದ್ದ. ಅದು ವಿಟಮಿನ್ ಬಿ1, ಅಂದರೆ ಥಯಮಿನ್ ಕೊರತೆ. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಲುತ್ತದೆ, ಕುಡಿಯುವವರಲ್ಲಿ ಇನ್ನೂ ಕಡಿಮೆ. ಗ್ಲೂಕೋಸ್ ಹಚ್ಚುವ ಮೊದಲೇ ಥಯಮಿನ್ ರಕ್ತನಾಳಕ್ಕೆ ಕೊಟ್ಟೆವು. ಕಣ್ಣು ಕೆಲವೇ ದಿನಗಳಲ್ಲಿ ಸರಿಯಾಯಿತು, ಪಾದಗಳ ಜೋಮು ಪೂರ್ತಿ ಹೋಗಲಿಲ್ಲ. ನನ್ನ ‘ಈಗ ಬೇಡ’ವನ್ನು ಇನ್ನಷ್ಟು ಬಿಡಿಸಿ ಹೇಳಿದ್ದರೆ ಅವರು ಕಾಯುತ್ತಿದ್ದರೇನೋ ಎಂಬ ಕೊರಗು ನನಗೆ ಉಳಿದಿದೆ.

ಇಂಥವೇ ಇನ್ನೂ ಕೆಲವು ಗಟ್ಟಿ ಕಾರಣಗಳಿವೆ: ಚಿಕಿತ್ಸೆಯಾಗದ ಖಿನ್ನತೆ, ಮುಂದಿನ ವರ್ಷದೊಳಗೆ ಮಗು ಬೇಕೆಂಬ ಆಸೆ (ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭ ಬೇಡ), ಬೀಡಿ ಸಿಗರೇಟಿನ ಚಟ, ತೂಕಕ್ಕೆ ಹಾರ್ಮೋನಿನ ಕಾಯಿಲೆಯೇ ಮೂಲವಾಗಿರುವುದು. ತೀವ್ರ ಎದೆಯುರಿ ಇದ್ದವರಿಗೆ ‘ಬೇಡ’ ಎಂದರೆ ಸ್ಲೀವ್ ಬೇಡ ಎಂಬ ಅರ್ಥವೂ ಇರಬಹುದು, ಏಕೆಂದರೆ ಸ್ಲೀವ್ ಅದನ್ನು ಹೆಚ್ಚಿಸಬಲ್ಲದು, ಬೈಪಾಸ್ ಸಾಮಾನ್ಯವಾಗಿ ತಗ್ಗಿಸುತ್ತದೆ.

ಕಾರಣ ಕೇಳಿದಿರಿ, ಸಮಾಧಾನವಾಗಲಿಲ್ಲ. ಆಗ ಬೇರೆ ವೈದ್ಯರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ಆದರೆ ಮೊದಲಿನ ವೈದ್ಯರಿಗೆ ತಿಳಿಸದೆ ಕದ್ದು ಹೋಗಬೇಡಿ. ‘ಸಾಹೇಬ್ರ, ಒಮ್ಮೆ ಸರ್ಜನ್‌ಗೆ ತೋರಿಸಿ ಬರ್ತೀನಿ, ಒಂದು ಚೀಟಿ ಬರದ ಕೊಡ್ರಿ’ ಎಂದು ಕೇಳಿ. ನಿಮ್ಮ ಔಷಧಿ, ಹಳೆಯ ವರದಿ, ತಮ್ಮ ಆಕ್ಷೇಪ ಎಲ್ಲವನ್ನೂ ಅವರು ಅದರಲ್ಲಿ ಬರೆಯಲಿ. ಆ ಆಕ್ಷೇಪವನ್ನು ಸರ್ಜನ್ ಓದಿ ಉತ್ತರಿಸಬೇಕು. ಉತ್ತರಿಸದೆ ದಿನಾಂಕ ಕೊಡುವವರಿದ್ದರೆ ನಾನು ಆ ಜಾಗದಿಂದ ಎದ್ದು ಬನ್ನಿ ಎನ್ನುತ್ತೇನೆ. ಆಹಾರ ತಜ್ಞರು, ಅರಿವಳಿಕೆ ತಜ್ಞರು, ಮಾನಸಿಕ ಆರೋಗ್ಯದವರು ನಿಮ್ಮನ್ನು ನೋಡುತ್ತಾರೆಯೇ, ಒಂದು ವರ್ಷದ ನಂತರ ಯಾರು ನೋಡುತ್ತಾರೆ ಎಂಬುದನ್ನೂ ಕೇಳಿ. ವಿಮೆಯ ಮಾತೂ ಇಲ್ಲೇ ಬರುತ್ತದೆ: ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ ಈ ವೆಚ್ಚ ಸಿಗಬೇಕಾದರೆ ವೈದ್ಯರ ಸಲಹೆ ಇರಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40, ಅಥವಾ ಹತೋಟಿಗೆ ಬಾರದ ಸಕ್ಕರೆಯಂಥ ಕಾಯಿಲೆಯೊಂದಿಗೆ 35 ಇರಬೇಕು. ವೈದ್ಯಶಾಸ್ತ್ರದ ಅಳತೆ ಕೆಳಗಿಳಿದರೂ ವಿಮೆಯ ಅಳತೆ ಇಳಿದಿಲ್ಲ.

ಒಪ್ಪದ ವೈದ್ಯರನ್ನು ಕಳೆದುಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ದೂರ. ಬೆಂಗಳೂರು ವಿಜಯಪುರದಿಂದ 500 ಕಿ.ಮೀ.ಗೂ ಹೆಚ್ಚು. ಆಪರೇಷನ್ ಅಲ್ಲಾದರೂ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿಯುವುದು ಇಲ್ಲಿಯ ವೈದ್ಯರದನ್ನೇ. ಶಸ್ತ್ರಚಿಕಿತ್ಸೆಯ ಕೆಲವೇ ದಿನಗಳಲ್ಲಿ ಸಕ್ಕರೆಯ ಮತ್ತು ಬಿಪಿಯ ಔಷಧಿ ಇಳಿಸಬೇಕಾಗುತ್ತದೆ, ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲ ವಾರಗಳಲ್ಲಿ ನಾಡಿ 120 ದಾಟಿ ಇಳಿಯದಿದ್ದರೆ, ಜ್ವರವಿಲ್ಲದಿದ್ದರೂ, ಸೋರಿಕೆಯ ಶಂಕೆಯಿಂದ ತಕ್ಷಣ ಕಳಿಸಬೇಕೆಂಬುದು ಅವರಿಗೆ ಗೊತ್ತಿರಬೇಕು. ಬೈಪಾಸ್ ಆದವರಿಗೆ ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ಕೊಡಬಾರದು, ಕೊಟ್ಟರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ನಮ್ಮಲ್ಲಿ ಔಷಧಿ ಅಂಗಡಿಯಿಂದ ನೇರವಾಗಿ ಕೊಳ್ಳುವ ಗುಳಿಗೆ ಅದೇ ಆಗಿರುವುದರಿಂದ ಇದನ್ನು ಮನೆಯವರಿಗೂ ಹೇಳಿಡಬೇಕು.

ಇಂಡಿ ಕಡೆಯ ಆ ಅಕ್ಕ ಎರಡು ತಿಂಗಳು ಯೋಚಿಸಿ, ಗಂಡನನ್ನು ಒಪ್ಪಿಸಿ, ಸ್ವಂತ ಹಣದಲ್ಲಿ ಬೈಪಾಸ್ ಮಾಡಿಸಿಕೊಂಡರು. ಬಿಸಿಲು ಇಳಿಯಲಿ ಎಂದು ನಾನೇ ತಡೆದಿದ್ದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ, ಒಮ್ಮೆಗೆ ಎರಡೇ ಗುಟುಕು ನೀರು ಕುಡಿಯಬಲ್ಲ ಹೊಟ್ಟೆಯನ್ನು ಹೊತ್ತು ತಿರುಗುವುದು ಕಷ್ಟ. ಇಂದು ಅವರ ತೂಕ 58 ಕಿಲೊ. ಇನ್ಸುಲಿನ್ ನಿಂತಿದೆ, ಸಕ್ಕರೆಯ ಒಂದು ಗುಳಿಗೆ ಉಳಿದಿದೆ; ಒಂಬತ್ತು ವರ್ಷದ ಕಾಯಿಲೆ ಪೂರ್ತಿ ಹೋಗಲಿಕ್ಕಿಲ್ಲ ಎಂದು ಮೊದಲೇ ಹೇಳಿದ್ದೆವು. ಕಟಕ ರೊಟ್ಟಿಯ ಬದಲು ಮೆತ್ತನೆಯ ಅರ್ಧ ರೊಟ್ಟಿ, ಅದಕ್ಕೂ ಮೊದಲು ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು. ಒಂದು ಮದುವೆಯಲ್ಲಿ ಮಾದಲಿ ತಿಂದು, ಬೆವರಿ, ಎದೆ ಬಡಿದುಕೊಂಡು, ಭೇದಿಯಾಗಿ ಹೆದರಿದ್ದರು. ಸಿಹಿ ಸರಕ್ಕನೆ ಕರುಳಿಗೆ ಇಳಿದರೆ ಹಾಗಾಗುತ್ತದೆ ಎಂದು ತಿಳಿಸಿದೆ. ಎರಡನೆಯ ವರ್ಷ ‘ಆರಾಮ ಅದೇನಲ್ರಿ’ ಎಂದು ವಿಟಮಿನ್ ನಿಲ್ಲಿಸಿಬಿಟ್ಟಿದ್ದರು. ಸಸ್ಯಾಹಾರಿಗಳಾದ್ದರಿಂದ ಮೊದಲೇ ಕಡಿಮೆಯಿದ್ದ ಬಿ12 ತಳ ಹಿಡಿದಿತ್ತು, ರಕ್ತವೂ ಕಡಿಮೆಯಾಗಿತ್ತು. ಈಗ ಬಿ12 ಇಂಜೆಕ್ಷನ್, ಕಬ್ಬಿಣ, ಕ್ಯಾಲ್ಸಿಯಂ ತಪ್ಪಿಸುವುದಿಲ್ಲ.

ಕಳೆದ ಶ್ರಾವಣದಲ್ಲಿ ಬಂದು, ಸೋಮವಾರದ ಉಪವಾಸ ಹಿಡಿಯಬಹುದೇ ಎಂದು ಕೇಳಿದರು. ನಾನು ಬೇಡ ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಪೆನ್ನು ಕೆಳಗಿಟ್ಟು, ಯಾಕೆ ಬೇಡ ಎಂಬುದನ್ನು ನೀರು, ಪ್ರೋಟೀನು, ಸಾಬೂದಾಣಿ ಎಂದು ಒಂದೊಂದಾಗಿ ಹೇಳಿದೆ. ಕೊನೆಗೆ, ಮಜ್ಜಿಗೆ, ಹಾಲು, ಮೊಸರು ಹೊತ್ತು ಹೊತ್ತಿಗೆ ತೆಗೆದುಕೊಂಡು ಒಪ್ಪತ್ತು ಮಾಡುವುದೆಂದು ಇಬ್ಬರೂ ಒಪ್ಪಿಕೊಂಡೆವು.