ಎರಡು ತೂತೋ, ಮೂರು ತೂತೋ: ಸೈಕಲ್ ಶೂ, ಕ್ಲೀಟ್ ಮತ್ತು ಪೆಡಲ್

ಶೂ ಕಾಲಿಗೆ ಸರಿಯಾಗಿದೆ, ಪೆಡಲ್ ಹೊಸದು, ಆದರೂ ಎರಡೂ ಒಂದಕ್ಕೊಂದು ಕೂರುವುದಿಲ್ಲ. ಕ್ಲೀಟ್ ಪೆಡಲ್ ಹಾಕಿಸಿಕೊಂಡವರ ಮೊದಲ ಫಜೀತಿ ಸಾಮಾನ್ಯವಾಗಿ ಇದೇ. ಇಲ್ಲಿ ಎರಡು ಜೋಡಿ ಕೂಡಬೇಕು: ಶೂ ಅಟ್ಟೆಯ ತೂತುಗಳಿಗೆ ಕ್ಲೀಟ್ (ಅಟ್ಟೆಗೆ ಬಿಗಿದು ಪೆಡಲಿಗೆ ಕಚ್ಚಿಸುವ ತುಂಡು), ಆ ಕ್ಲೀಟಿಗೆ ಪೆಡಲ್. ಮೊದಲನೆಯದರಲ್ಲಿ ಕಂಪನಿಯ ಹೆಸರು ಲೆಕ್ಕಕ್ಕಿಲ್ಲ, ತೂತಿನ ಲೆಕ್ಕ ಕೂಡಿದರೆ ಸಾಕು. ಎರಡನೆಯದರಲ್ಲಿ ಕಂಪನಿ, ಮಾದರಿ ಎರಡೂ ಮುಖ್ಯ.

ಬೆರಳ ಮುಂದೆ ತಂತಿ ಪಂಜರ, ಮೇಲೆ ಪಟ್ಟಿ. ಹಳೆಯ ರೇಸ್ ಸೈಕಲ್ಲಿನಲ್ಲಿ ಕಾಲು ಹಿಡಿಯುತ್ತಿದ್ದದ್ದು ಅದು, ಅದರ ಹೆಸರು ಟೋ ಕ್ಲಿಪ್. ಹಿಮದ ಮೇಲೆ ಜಾರುವ ಸ್ಕೀಗೆ ಬೂಟು ಬಿಗಿಯುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಪೆಡಲಿಗೆ ತಂದಿತು. ಮರುವರ್ಷ ಫ್ರಾನ್ಸಿನ ಸೈಕಲ್ ಪಟು ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಪಂಜರ ಹೋಯಿತೆಂದು ‘ಕ್ಲಿಪ್‌ಲೆಸ್’ ಎಂದರು. ಕಾಲು ಕಚ್ಚಿ ಹಿಡಿಯುವ ಪೆಡಲಿಗೆ ಕ್ಲಿಪ್ಪೇ ಇಲ್ಲ ಎಂಬ ಹೆಸರು, ಹೊಸಬರನ್ನು ಗೊಂದಲಕ್ಕೆ ಕೆಡವುವುದು ಸಹಜ.

ಶೂ ತಿರುವಿ ನೋಡಿ. ಅಟ್ಟೆಯಲ್ಲಿ ಉದ್ದನೆಯ ಎರಡು ಸೀಳು ಇದ್ದರೆ ಅದು ಎರಡು ಬೋಲ್ಟಿನದು. ಜಪಾನಿನ ಶಿಮಾನೋ ಕಂಪನಿ 1990ರಲ್ಲಿ ತಂದ ಎಸ್‌ಪಿಡಿ ಕ್ಲೀಟ್ ಈ ಜಾತಿ. ಕ್ರ್ಯಾಂಕ್ ಬ್ರದರ್ಸ್, ಟೈಮ್ ಅಟ್ಯಾಕ್ ಕ್ಲೀಟುಗಳೂ ಇದೇ ಸೀಳಿಗೆ ಕೂರುತ್ತವೆ, ಆದರೆ ಅವುಗಳ ಪೆಡಲ್ ಬೇರೆಬೇರೆ. ತ್ರಿಕೋನದಲ್ಲಿ ಮೂರು ತೂತಿದ್ದರೆ ರೋಡ್ ಶೂ: ಶಿಮಾನೋ ಎಸ್‌ಪಿಡಿ-ಎಸ್‌ಎಲ್, ಲುಕ್ ಕಿಯೋ ಎರಡನ್ನೂ ಬಿಗಿಯಬಹುದು. ಈ ಎರಡು ಪ್ಲಾಸ್ಟಿಕ್ ಕ್ಲೀಟುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಪೆಡಲಿಗೆ ಇನ್ನೊಂದು ಹೊಂದದು. ಬಣ್ಣ ನಂಬಿದರೂ ಕೆಟ್ಟಿರಿ. ಶಿಮಾನೋದಲ್ಲಿ ಕೆಂಪು ಎಂದರೆ ಹಿಮ್ಮಡಿ ಅಲುಗಾಟ (ಕ್ಲೀಟ್ ಕಚ್ಚಿದ್ದರೂ ಹಿಮ್ಮಡಿ ಪಕ್ಕಕ್ಕೆ ತಿರುಗಬಲ್ಲ ಕೋನ) 0 ಡಿಗ್ರಿ, ನೀಲಿ 2, ಹಳದಿ 6. ಕಿಯೋದಲ್ಲಿ ಕಪ್ಪು 0, ಬೂದು 4.5, ಕೆಂಪು 9!

ಆ ಅಲುಗಾಟ ಯಾಕೆ ಬೇಕು? ಮಂಡಿ ಮಡಚಿ ಬಿಚ್ಚುವಾಗ ಕಣಕಾಲಿನ ಮೂಳೆ ತುಸು ತಿರುಗುತ್ತದೆ. ಪಾದ ಕದಲದಂತೆ ಬಿಗಿದರೆ ಆ ತಿರುಚು ಮಂಡಿಗೇ ಬೀಳುತ್ತದೆ. ಕ್ಲೀಟ್ ಕೊಂಚ ಓರೆಯಾಗಿದ್ದರೂ ಸಾವಿರಾರು ತುಳಿತದ ಮೇಲೆ ನೋವು ಕಾಣಿಸುತ್ತದೆ. ಹೊಸಬರಿಗೆ ಹಳದಿಯೇ ಒಳ್ಳೆಯದು.

ಜೋಡಿಸುವುದು ಹೀಗೆ. ಶೂ ತೊಟ್ಟು ಹೆಬ್ಬೆರಳ ಬುಡದ ಉಬ್ಬನ್ನೂ ಕಿರುಬೆರಳ ಬುಡದ ಉಬ್ಬನ್ನೂ ಒತ್ತಿ ಹುಡುಕಿ, ಪಕ್ಕದಲ್ಲಿ ಟೇಪ್ ಅಂಟಿಸಿ ಗುರುತು ಹಾಕಿ. ಪೆಡಲ್ ಅಚ್ಚು ಈ ಎರಡರ ನಡುವೆ ಬರಬೇಕು. ಮುಂದೆ ಸರಿದರೆ ಬೆರಳು ಜೋಮು ಹಿಡಿಯುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಸೋಲುತ್ತದೆ. ಮೇಜಿನ ಅಂಚಿನಲ್ಲಿ ಕೂತು ಕಾಲು ಇಳಿಬಿಡಿ. ಪಾದ ಹೊರಕ್ಕೆ ತಿರುಗಿದ್ದರೆ ಕ್ಲೀಟಿನ ಮೂತಿಯನ್ನು ಅಟ್ಟೆಯ ಮೇಲೆ ಅಷ್ಟೇ ಕೋನ ಒಳಕ್ಕೆ ತಿರುಗಿಸಿ, ಆಗ ಪೆಡಲ್ ಮೇಲೆ ಶೂ ಹೊರಕ್ಕೆ ತಿರುಗಿ ನಿಲ್ಲುತ್ತದೆ. ಬೋಲ್ಟಿಗೆ ಚೂರು ಗ್ರೀಸ್ ಸವರಿ, 5ರಿಂದ 6 ನ್ಯೂಟನ್ ಮೀಟರ್ ಬಿಗಿ. ಸಡಿಲ ಬಿಟ್ಟರೆ ಅಪಾಯ: ಹಿಮ್ಮಡಿ ತಿರುಗಿಸಿದಾಗ ಕ್ಲೀಟ್ ಮಾತ್ರ ಅಟ್ಟೆಯ ಮೇಲೆ ಸುತ್ತುತ್ತದೆ, ಶೂ ಪೆಡಲಿನಲ್ಲೇ ಉಳಿಯುತ್ತದೆ, ನೀವು ಪಕ್ಕಕ್ಕೆ ಉರುಳುತ್ತೀರಿ.

ಬೀಳುವುದು ಸಾಮಾನ್ಯವಾಗಿ ನಿಲ್ಲುವ ಗಳಿಗೆಯಲ್ಲಿ. ಕಾಲು ಮೇಲಕ್ಕೆ ಕಿತ್ತರೆ ಕ್ಲೀಟ್ ಬಿಡುವುದಿಲ್ಲ, ಹಿಮ್ಮಡಿ ಹೊರಕ್ಕೆ ತಿರುಗಬೇಕು. ಅದನ್ನು ಸಿಗ್ನಲ್‌ಗೆ ಮುಂಚೆಯೇ ಮಾಡಿ. ಎಸ್‌ಪಿಡಿ ಪೆಡಲಿನ ಸ್ಪ್ರಿಂಗ್ ಸ್ಕ್ರೂ ಮೊದಲು ಪೂರ್ತಿ ಸಡಿಲವಿರಲಿ, ಗೋಡೆಗೆ ಒರಗಿ ಇಪ್ಪತ್ತು ಸಲ ಹಾಕಿ ತೆಗೆಯಿರಿ.

ಚಿತ್ರದುರ್ಗದಲ್ಲಿ ಕೋಟೆ ಬಾಗಿಲ ತನಕ ಸೈಕಲ್, ಆಮೇಲೆ ನಡಿಗೆ ಎನ್ನುವವರಿಗೆ ನನ್ನ ಆಯ್ಕೆ ಎರಡು ಬೋಲ್ಟೇ. ಅದರ ಉಕ್ಕಿನ ಕ್ಲೀಟ್ ರಬ್ಬರ್ ಅಟ್ಟೆಯೊಳಗೆ ಹುದುಗಿರುತ್ತದೆ. ಮೂರು ಬೋಲ್ಟಿನ ಪ್ಲಾಸ್ಟಿಕ್ ಹೊರಚಾಚಿರುತ್ತದೆ, ನುಣುಪು ಕಲ್ಲಿನ ಮೇಲೆ ಜಾರುತ್ತದೆ, ನಡೆದಷ್ಟೂ ಸವೆಯುತ್ತದೆ. ದಾವಣಗೆರೆ ಸುತ್ತಿನ ಎರೆ ಹೊಲದ ದಾರಿಗೆ ಮಳೆಗಾಲದಲ್ಲಿ ಇಳಿಯುವವರಿಗೆ ಇನ್ನೊಂದು ಕಾಟ: ಆ ಕರಿಮಣ್ಣು ಕ್ಲೀಟಿನ ಸುತ್ತ ಮೆತ್ತಿ ಗಟ್ಟಿಯಾದರೆ ಕ್ಲೀಟ್ ಪೆಡಲಿಗೆ ಕೂತಾಗಿನ ‘ಟಕ್’ ಸದ್ದು ಬರುವುದೇ ಇಲ್ಲ. ಜೇಬಿನಲ್ಲೊಂದು ತೆಳು ಕಡ್ಡಿ ಇಟ್ಟುಕೊಳ್ಳಿ. ಬೋಲ್ಟಿನ ತಲೆಯಲ್ಲಿ ಅಲೆನ್ ಕೀ ಇಳಿಯುವ ಗುಂಡಿಯಲ್ಲಿ ತುಂಬಿದ ಮಣ್ಣನ್ನೂ ಅದರಿಂದಲೇ ಕೆದರಿ ತೆಗೆಯಬೇಕು, ಇಲ್ಲವಾದರೆ ಕೀ ಪೂರ್ತಿ ಇಳಿಯದೆ ಬೋಲ್ಟಿನ ತಲೆ ಸವೆದು ಹೋಗುತ್ತದೆ.