ವಾರಸುದಾರ ಪತ್ತೆನೇ ಇಲ್ಲ ಅಂದ್ರೆ ಆಸ್ತಿ ಭಾಗ ಹೆಂಗೆ? ಹಿಂದೂ ಉತ್ತರಾಧಿಕಾರದ ಟಿಪ್ಪಣಿ

ಎಲ್‌ಎಲ್‌ಬಿ ಓದ್ತಿರೋರಿಗೆ, ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಓದ್ತಿರೋರಿಗೆ ಇಬ್ರಿಗೂ ಉಪಯೋಗ ಆಗ್ಲಿ ಅಂತ ಬರೀತಿದೀನಿ. ನಂಗೆ ಈ ಟಾಪಿಕ್ ಬರೀ ಪರೀಕ್ಷೆದಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಎಲ್ಲಾರೂ ಎಡವೋದು ಇಲ್ಲೇ: ವಾರಸುದಾರ ಇಲ್ಲದಿರೋದು ಬೇರೆ, ಇದ್ದೂ ಸಿಗದಿರೋದು ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಸೆಕ್ಷನ್ 29ರಲ್ಲಿ ಆಸ್ತಿ ಸರ್ಕಾರಕ್ಕೆ ಹೋಗೋದು ಯಾರೂ ವಾರಸುದಾರರೇ ಇಲ್ಲದಾಗ ಮಾತ್ರ, ಅಂದ್ರೆ ಕ್ಲಾಸ್ 1 (ಹೆಂಡತಿ, ಮಕ್ಕಳು, ತಾಯಿ ಥರ ಮೊದಲ ಸಾಲಿನೋರು), ಕ್ಲಾಸ್ 2 (ತಂದೆ, ಒಡಹುಟ್ಟಿದೋರ ಥರ ಎರಡನೇ ಸಾಲಿನೋರು), ಆಮೇಲೆ ದಾಯಾದಿಗಳು, ಹೆಣ್ಣುಮಕ್ಕಳ ಕಡೆಯಿಂದ ಬಂದ ಸಂಬಂಧಿಕರು, ಇಷ್ಟೂ ಜನ ಮುಗಿದ ಮೇಲೆ. ಮಗ ಎಲ್ಲಿದಾನೋ ಗೊತ್ತಿಲ್ಲ ಅಂದ ಮಾತ್ರಕ್ಕೆ ಅವನ ಪಾಲು ಸರ್ಕಾರಕ್ಕೂ ಹೋಗಲ್ಲ, ಅಣ್ಣಂಗೂ ಹೋಗಲ್ಲ, ಅದು ಅವನದಾಗೇ ಇರುತ್ತೆ.

ಉದಾಹರಣೆ ತಗೊಳಣ. ಮಧುಗಿರಿ ಕಡೆ ಒಬ್ಬ ರೈತ, 4 ಎಕರೆ ಸ್ವಯಾರ್ಜಿತ ಜಮೀನು, ವಿಲ್ ಬರೆದಿಲ್ಲ, ತೀರ್ಕೊಂಡ. ಹೆಂಡತಿ, ದೊಡ್ಡ ಮಗ, ಮಗಳು ಊರಲ್ಲೇ ಇದಾರೆ, ಚಿಕ್ಕ ಮಗ ಅಪ್ಪ ಸಾಯೋಕೆ ಮೂರು ವರ್ಷ ಮುಂಚೆನೇ ಮನೆ ಬಿಟ್ಟು ಹೋದೋನು, ಮದುವೆ ಆಗಿರಲಿಲ್ಲ, ಸುದ್ದಿನೇ ಇಲ್ಲ. ನಾಲ್ಕು ಜನ ಕ್ಲಾಸ್ 1 ವಾರಸುದಾರರು, ತಲೆಗೊಂದು ಎಕರೆ.

ಇಲ್ಲಿ 7 ವರ್ಷದ ನಿಯಮ ಬರುತ್ತೆ. ಹಳೇ ಸಾಕ್ಷ್ಯ ಕಾಯ್ದೆ 1872ರಲ್ಲಿ ಸೆಕ್ಷನ್ 107, 108 ಇತ್ತಲ್ಲ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 110, 111 ಆಗಿದೆ, ಪರೀಕ್ಷೆಲಿ ಹೊಸ ನಂಬರೇ ಬರೀರಿ. ಒಬ್ಬ ಬದುಕಿದ್ರೆ ಸಹಜವಾಗಿ ಯಾರಿಗೆ ಸುದ್ದಿ ಸಿಗಬೇಕಿತ್ತೋ ಅವರಿಗೇ 7 ವರ್ಷ ಸುದ್ದಿ ಇಲ್ಲ ಅಂದ್ರೆ, ಬದುಕಿದಾನೆ ಅನ್ನೋರೇ ಅದನ್ನ ರುಜುವಾತು ಮಾಡ್ಬೇಕು. ಅಷ್ಟೇ. 7 ವರ್ಷ ಮುಗಿದ ದಿನ ಅವನು ತಾನಾಗೇ ಸತ್ತ ಅಂತ ಅರ್ಥ ಅಲ್ಲ. ಎಲ್‌ಐಸಿ ವರ್ಸಸ್ ಅನುರಾಧಾ ಕೇಸಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ, ಸತ್ತಿದಾನೆ ಅಂತ ಊಹೆ ಮಾಡ್ಬಹುದು, ಯಾವತ್ತು ಸತ್ತ ಅಂತ ಊಹೆ ಮಾಡೋ ಹಾಗಿಲ್ಲ, ಒಂದು ತಾರೀಖು ಹೇಳೋರು ಸಾಕ್ಷಿ ಕೊಟ್ಟು ಪ್ರೂವ್ ಮಾಡ್ಬೇಕು.

ತಾರೀಖು ಯಾಕೆ ಇಷ್ಟು ಮುಖ್ಯ ಅಂತ ಲೆಕ್ಕ ಹಾಕಿ ನೋಡಿ. ಚಿಕ್ಕ ಮಗ ಅಪ್ಪನಿಗಿಂತ ಮುಂಚೆನೇ ಸತ್ತಿದ್ರೆ ಅವನಿಗೆ ಪಾಲೇ ಹುಟ್ಟಲ್ಲ, 160 ಗುಂಟೆ ಮೂರು ಭಾಗ, ಒಬ್ಬೊಬ್ಬರಿಗೆ 1 ಎಕರೆ 13 ಗುಂಟೆ ಚಿಲ್ಲರೆ. ಅಪ್ಪ ಹೋದ ಮೇಲೆ ಸತ್ತಿದ್ರೆ? ಅವನಿಗೆ ಒಂದು ಎಕರೆ ಬಂದಿತ್ತು, ಅದು ಅವನ ಕ್ಲಾಸ್ 1 ವಾರಸುದಾರರಿಗೆ, ಅಂದ್ರೆ ತಾಯಿ ಒಬ್ಬಳಿಗೇ. ತಾಯಿಗೆ 2 ಎಕರೆ, ಅಣ್ಣಂಗೆ 1, ಅಕ್ಕಂಗೆ 1. ಅವನಿಗೆ ಹೆಂಡತಿ, ಒಂದು ಮಗು ಇದ್ದಿದ್ರೆ ಲೆಕ್ಕ ಇನ್ನೂ ಬದಲು: ಮುಂಚೆ ಸತ್ತಿದ್ರೆ ಅವರಿಬ್ಬರಿಗೆ 20, 20 ಗುಂಟೆ, ಆಮೇಲೆ ಸತ್ತಿದ್ರೆ ಆ ಒಂದು ಎಕರೆಲಿ ತಾಯಿಗೂ ಮೂರನೇ ಒಂದು ಭಾಗ. ಪೆನ್ನು ಹಿಡ್ಕೊಂಡು ಒಂದ್ಸಲ ಮಾಡಿ, ಆಮೇಲೆ ಮರೆಯಲ್ಲ.

ಈಗ ನಮ್ಮನೆ ವಿಷಯ. ನಮ್ಮ ಸೋದರಮಾವ ಒಬ್ಬರು ನಾನು ಹುಟ್ಟೋಕೆ ಮುಂಚೆನೇ ಬೊಂಬಾಯಿಗೆ ಅಂತ ಹೋದೋರು ಬರಲೇ ಇಲ್ಲ. ತಾತ ತೀರ್ಕೊಂಡ ಮೇಲೆ ಪೌತಿ ಖಾತೆಗೆ (ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದಕ್ಕೆ) ವಂಶವೃಕ್ಷ ಬರೆಸೋವಾಗ, ಅರ್ಜಿ ಬರ್ಕೊಡೋನು "ಅವನ ಆಧಾರ್ ಎಲ್ಲಿಂದ ತರ್ತೀರ, ಸಹಿ ಯಾರು ಹಾಕ್ತಾರೆ, ಒಂದ್ ಹೆಸರು ಬಿಟ್ಬಿಡಿ ಬೇಗ ಆಗುತ್ತೆ" ಅಂದ. ಅಜ್ಜಿ ಅರ್ಜಿ ಕಿತ್ಕೊಂಡು "ನನ್ ಹೊಟ್ಟೇಲಿ ಹುಟ್ಟಿದೋನ್ನ ನಾನೆಂಗಪ್ಪ ಬಿಡ್ಲಿ" ಅಂದ್ಬಿಟ್ಟು ಎದ್ದು ಬಂದ್ರು. ಆಗ ಎಲ್ಲಾರೂ ಬೇಜಾರು ಮಾಡ್ಕೊಂಡಿದ್ರು. ಕಾನೂನು ಓದಿದ ಮೇಲೆ ಗೊತ್ತಾಯ್ತು, ಅಜ್ಜಿ ಮಾಡಿದ್ದೇ ಸರಿ. ವಂಶವೃಕ್ಷದಲ್ಲಿ ಹೆಸರು ಬಿಟ್ರೆ ಹಕ್ಕು ಹೋಗಲ್ಲ, ಪಹಣಿ 9ನೇ ಕಾಲಂನಲ್ಲಿ ಹೆಸರು ಬಂದ್ರೂ ಅದೇ ಮಾಲೀಕತ್ವ ಅಲ್ಲ, ಭೂಕಂದಾಯ ಕಾಯ್ದೆ 1964ರ ಸೆಕ್ಷನ್ 133 ಪ್ರಕಾರ ಬೇರೆ ಥರ ಸಾಬೀತಾಗೋ ತನಕ ಸರಿ ಅಂತ ಇಟ್ಕೊಳ್ಳೋದು ಮಾತ್ರ. ಆ ಪಾಲು ಸೇರಿಸಿ ಮಾರಿದ್ರೆ ತಗೊಂಡೋನಿಗೂ ಮಾರಿದೋರ ಪಾಲಷ್ಟೇ ದಕ್ಕೋದು. "12 ವರ್ಷದಿಂದ ನಾನೇ ಉಳ್ತಿದೀನಿ" ಅನ್ನೋ ಮಾತೂ ಅಣ್ಣತಮ್ಮಂದಿರ ಮಧ್ಯೆ ಸುಲಭಕ್ಕೆ ನಡೆಯಲ್ಲ, ಯಾಕಂದ್ರೆ ಒಬ್ಬ ಪಾಲುದಾರ ಉಳೋದು ಎಲ್ಲಾರ ಪರವಾಗಿ ಅಂತ ಕಾನೂನು ನೋಡುತ್ತೆ.

ಹಂಗಾದ್ರೆ ಉಳಿದೋರು ಕಾಯ್ತಾನೇ ಕೂರ್ಬೇಕಾ? ಬೇಡ. 7 ವರ್ಷ ಆಗಿಲ್ಲ ಅಂದ್ರೆ ವಿಭಾಗದ ದಾವಾ ಹಾಕಿ, ಕಾಣೆ ಆದೋನ್ನೂ ಪ್ರತಿವಾದಿ ಮಾಡಿ. ಸಮನ್ಸ್ ಜಾರಿ ಆಗ್ದಿದ್ರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 5 ರೂಲ್ 20ರಲ್ಲಿ ಪೇಪರ್ ಪಬ್ಲಿಕೇಶನ್ ಕೇಳ್ಬಹುದು, ಆದ್ರೆ ಪೇಪರ್ ಅವನು ಕೊನೇಲಿ ವಾಸ ಇದ್ದ ಊರಿನ ಕಡೆ ಓಡಾಡೋದಾಗಿರ್ಬೇಕು, ತುಮಕೂರಲ್ಲಿ ಕೊನೆಗೆ ಇದ್ದೋನಿಗೆ ತುಮಕೂರಲ್ಲಿ ಬರೋ ಪೇಪರಲ್ಲೇ. ಬರದಿದ್ರೆ ಎಕ್ಸ್‌ಪಾರ್ಟಿ, ಅಂದ್ರೆ ಅವನಿಲ್ಲದೇ ಕೇಸ್ ನಡೆಯುತ್ತೆ, ಆದ್ರೂ ಡಿಕ್ರಿಲಿ ಅವನ ಪಾಲು ಬೇರೆ ತೋರಿಸ್ತಾರೆ. 7 ವರ್ಷ ದಾಟಿದ್ರೆ ಸತ್ತಿದಾನೆ ಅಂತ ಘೋಷಣೆ ದಾವಾ, ಜನ ಇದನ್ನ ಸಿವಿಲ್ ಡೆತ್ ಅಂತಾರೆ. ಅದಕ್ಕೆ ಬೇಕಾಗೋದು ಪೊಲೀಸ್ ಕಾಣೆ ದೂರು, ಪತ್ತೆ ಆಗಿಲ್ಲ ಅನ್ನೋ ಹಿಂಬರಹ, ಊರೋರ, ಮನೆಯೋರ ಸಾಕ್ಷಿ. ಹೋದ ದಿನವೇ ದೂರು ಕೊಡದೆ ಇರೋರೇ ಜಾಸ್ತಿ, ಕೊಟ್ಟಿಲ್ಲ ಅಂದ್ರೆ ಇವತ್ತೇ ಕೊಡ್ಲಿ.

ಬ್ಯಾಂಕ್ ದುಡ್ಡಿನ ವಿಷಯ ಚಿಕ್ಕದು. 10 ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಆದ್ರೆ ಹಕ್ಕು ಹೋಗಲ್ಲ, ಆಮೇಲೂ ಅದೇ ಬ್ಯಾಂಕಲ್ಲಿ ಕ್ಲೇಮ್ ಮಾಡ್ಬಹುದು, ಎಲ್ಲೆಲ್ಲಿ ಉಳಿದಿದೆ ಅಂತ 2023ರಲ್ಲಿ ಬಂದ ಉದ್ಗಮ್ ಪೋರ್ಟಲಲ್ಲಿ ಹುಡುಕ್ಬಹುದು. ನಾಮಿನಿ ಇಲ್ಲದೆ ಬ್ಯಾಂಕ್ ಸಕ್ಸೆಷನ್ ಸರ್ಟಿಫಿಕೇಟ್ (ಸತ್ತೋರ ದುಡ್ಡು ವಸೂಲಿ ಮಾಡೋಕೆ ಕೋರ್ಟ್ ಕೊಡೋ ಪತ್ರ) ಕೇಳಿದ್ರೆ ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ ಸೆಕ್ಷನ್ 372ರಲ್ಲಿ ಅರ್ಜಿ, ಅದರಲ್ಲೂ ಹತ್ತಿರದ ಸಂಬಂಧಿಕರ ಪಟ್ಟಿಲಿ ಕಾಣೆ ಆದೋನ ಹೆಸರು ಬರೀಲೇಬೇಕು. ಮುಚ್ಚಿಟ್ಟು ತಗೊಂಡ ಸರ್ಟಿಫಿಕೇಟ್‌ನ ಸೆಕ್ಷನ್ 383ರಲ್ಲಿ ರದ್ದು ಮಾಡಿಸ್ಬಹುದು.